ಮಸೆಕಲ್ಲಿಗೆ ಬಗ್ಗದ ಚಾಕು: ಮ್ಯಾಗ್ನಾಕಟ್ ಉಕ್ಕಿನ ಬಗ್ಗೆ ತಿಳಿದವರು ಹೇಳಿ

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ಮತ್ತು ಕಾಳುಮೆಣಸು. ಅಕ್ಕ ಅಮೆರಿಕದಿಂದ ಬರುವಾಗ ನನಗೊಂದು ಚಾಕು ತಂದುಕೊಟ್ಟಳು. ನಾಲ್ಕು ಇಂಚಿನ ಅಲಗು, ಮಡಚುವ ಥರದ್ದಲ್ಲ. ಅಲಗಿನ ಮೇಲೆ ಮ್ಯಾಗ್ನಾಕಟ್ ಎಂದು ಬರೆದಿದೆ.

ಮಳೆಗಾಲ ಪೂರ್ತಿ ಅದು ಸೊಂಟದಲ್ಲೇ ಇತ್ತು. ಮೆಣಸಿನ ಬಳ್ಳಿ ಕತ್ತರಿಸಲು, ಗೊಬ್ಬರದ ಚೀಲ ಬಿಚ್ಚಲು, ಕಸಿ ಕಟ್ಟಲು, ಎಲ್ಲಕ್ಕೂ ಅದೇ. ನಾಲ್ಕು ತಿಂಗಳು ಒಂದು ಸಲವೂ ಮಸೆಯದೆ ನಡೆಯಿತು. ಅಡಿಕೆ ಚೊಗರು ತಾಗಿದರೂ ಕಪ್ಪಾಗಲಿಲ್ಲ. ಮನೆಯ ಕತ್ತಿಗಳನ್ನು ವಾರಕ್ಕೆ ಎರಡು ಸಲ ಮಸೆಯುವ ನನಗೆ ಇದು ನಂಬಲಾಗದ ವಿಷಯ.

ಈಗ ಮೊಂಡಾಗಿದೆ. ಅಂಗಳದ ಮಸೆಕಲ್ಲಿನ ಮೇಲೆ ಅರ್ಧ ಗಂಟೆ ತಿಕ್ಕಿದೆ. ಕಲ್ಲು ನುಣ್ಣಗಾಯಿತು, ಚಾಕುವಿಗೆ ಬಾಯಿ ಬರಲಿಲ್ಲ. ಇಷ್ಟು ದುಬಾರಿ ಉಕ್ಕು ಒಂದು ಸಲ ಮೊಂಡಾದರೆ ಅಲ್ಲಿಗೆ ಮುಗಿಯಿತಾ? ಇನ್ನೊಂದು ವಿಷಯ. ತುದಿಯ ಹತ್ತಿರ ಸಣ್ಣ ತುಕ್ಕಿನ ಚುಕ್ಕೆಗಳು ಬಂದಿವೆ. ಇದಕ್ಕೆ ತುಕ್ಕು ಹಿಡಿಯುವುದಿಲ್ಲ ಎಂದು ಅಕ್ಕ ಹೇಳಿದ್ದಳು.

ಪೀಣ್ಯ ಟೂಲ್‌ರೂಮ್

ತೋಟದಮನೆ ಅವರೇ, ನಿಮ್ಮ ಉಕ್ಕಿಗೂ ನಿಮ್ಮ ಕಲ್ಲಿಗೂ ಜೋಡಿ ಕೂಡುತ್ತಿಲ್ಲ.

ಚಾಕುವಿನ ಉಕ್ಕನ್ನು ಕಾಂಕ್ರೀಟಿನ ಹಾಗೆ ಅಂದುಕೊಳ್ಳಿ. ಸಿಮೆಂಟಿನ ಜಾಗದಲ್ಲಿ ಹದ ಹಾಕಿದ ಉಕ್ಕಿನ ಮೈ ಇದೆ. ಜಲ್ಲಿಯ ಜಾಗದಲ್ಲಿ ಕಾರ್ಬೈಡ್ ಕಾಳುಗಳಿವೆ. ಕ್ರೋಮಿಯಂ, ವೆನೇಡಿಯಂನಂಥ ಲೋಹಗಳು ಇಂಗಾಲದ ಜೊತೆ ಕೂಡಿ ಈ ಕಾಳುಗಳಾಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಚಾಕು ಎಷ್ಟು ದಿನ ಹರಿತ ಇರುತ್ತದೆ ಅನ್ನುವುದರಲ್ಲಿ ಇವುಗಳ ಪಾಲು ದೊಡ್ಡದು.

ಗಡಸುತನವನ್ನು ವಿಕರ್ಸ್ ಅಳತೆಯಲ್ಲಿ ಹೇಳುತ್ತೇನೆ. ನಿಮ್ಮ ಚಾಕುವಿನ ಮೈ ಸುಮಾರು 750 ಇರಬಹುದು. ಅಂಗಳದ ಕಲ್ಲಿನಲ್ಲಿರುವ ಸ್ಫಟಿಕದ ಕಾಳು ಸುಮಾರು 1100. ಹಾಗಾಗಿ ಮೈಯನ್ನು ಅದು ಉಜ್ಜುತ್ತದೆ. ಆದರೆ ವೆನೇಡಿಯಂ ಕಾರ್ಬೈಡ್ ಸುಮಾರು 2800! ಅದನ್ನು ಆ ಕಲ್ಲು ಮುಟ್ಟಲಾರದು. ಅಂಗಡಿಯಲ್ಲಿ ಸಿಗುವ ಕಾರ್ಬೊರಂಡಂ ಕಲ್ಲು ಕೂಡ 2500ರ ಆಸುಪಾಸು. ವಜ್ರದ ಪುಡಿ ಇದಕ್ಕೆಲ್ಲ ಮೀರಿದ್ದು. ಒಂದು ಡೈಮಂಡ್ ಪ್ಲೇಟ್ ತರಿಸಿಕೊಳ್ಳಿ, ಚಾಕು ಬಗ್ಗುತ್ತದೆ.

ಆದರೆ ತುಕ್ಕಿನ ಮಾತು ನನಗೆ ಸರಿ ಕಾಣುತ್ತಿಲ್ಲ. ಈ ಉಕ್ಕು ತೋಟದ ತೇವಕ್ಕೆ ಅಷ್ಟು ಬೇಗ ತುಕ್ಕು ಹಿಡಿಯಬಾರದು. ಮಸೆಕಲ್ಲು ಬಿಟ್ಟು ಬೇರೆ ಎಲ್ಲಾದರೂ ಮಸೆಸಿದ್ದೀರಾ?

ತೋಟದಮನೆ

ಹೌದು ಸರ್. ಮಸೆಕಲ್ಲಿನಲ್ಲಿ ಆಗಲಿಲ್ಲವೆಂದು ಪೇಟೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಗ್ರೈಂಡರ್‌ಗೆ ಹಿಡಿಸಿದೆ. ಚೆನ್ನಾಗಿ ಕಿಡಿ ಹಾರಿತು. ತುದಿಯಲ್ಲಿ ಸುಮಾರು ಒಂದು ಇಂಚು ನೀಲಿ ಬಣ್ಣಕ್ಕೆ ತಿರುಗಿತು. ಹರಿತವೇನೋ ಬಂತು, ಎರಡು ದಿನ ನಿಂತಿತು ಅಷ್ಟೆ. ಅದು ಮುಖ್ಯ ಅನಿಸದೆ ಬರೆಯಲಿಲ್ಲ.

ನಿಮ್ಮ ಪ್ರಶ್ನೆ ಓದಿ ಈಗ ಚಾಕು ತಂದು ನೋಡಿದೆ. ತುಕ್ಕಿನ ಚುಕ್ಕೆ ಬಂದಿರುವುದು ಸರಿಯಾಗಿ ಆ ನೀಲಿ ಜಾಗದಲ್ಲೇ.

ಪೀಣ್ಯ ಟೂಲ್‌ರೂಮ್

ಉತ್ತರ ಅಲ್ಲೇ ಇದೆ. ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಬೇರೆಯವರಿಗೂ ಉಪಯೋಗಕ್ಕೆ ಬರಲಿ.

ಮ್ಯಾಗ್ನಾಕಟ್‌ಗೆ ಹದ ಹಾಕುವಾಗ ಸುಮಾರು 1120 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಆಮೇಲೆ ಎರಡು ದಪ್ಪ ಅಲ್ಯುಮಿನಿಯಂ ಹಲಗೆಗಳ ನಡುವೆ ಒತ್ತಿ ಹಿಡಿದು ಥಟ್ಟನೆ ತಣಿಸುತ್ತಾರೆ. ನಂತರ ದ್ರವ ನೈಟ್ರೋಜನ್ ಅಥವಾ ಡ್ರೈ ಐಸ್‌ನಲ್ಲಿ ಇನ್ನೂ ತಣ್ಣಗೆ ಮಾಡುತ್ತಾರೆ. ಕೊನೆಗೆ 175 ಡಿಗ್ರಿಯ ಸುಮಾರಿನಲ್ಲಿ ಎರಡು ಸಲ ಟೆಂಪರಿಂಗ್, ಅಂದರೆ ಪೆಡಸು ಕಡಿಮೆಯಾಗಲು ಮತ್ತೆ ಹದವಾಗಿ ಕಾಯಿಸುವುದು. ಆಗ ರಾಕ್‌ವೆಲ್ ಎಂಬ ಗಡಸುತನದ ಇನ್ನೊಂದು ಅಳತೆಯಲ್ಲಿ 62, 63 ಬರುತ್ತದೆ.

ಇಷ್ಟೆಲ್ಲ ಜತನದಿಂದ ಮಾಡಿದ ಹದ ಗ್ರೈಂಡರ್ ಮುಂದೆ ಕೆಲವೇ ಸೆಕೆಂಡು ನಿಲ್ಲುತ್ತದೆ. ಚಾಕುವಿನ ಬಾಯಿ ತೀರಾ ತೆಳು, ಬಿಸಿ ಹೋಗಲು ಜಾಗವೇ ಇಲ್ಲ. ಸಾದಾ ಉಕ್ಕಿನಲ್ಲಿ ನೀಲಿ ಬಣ್ಣ 300 ಡಿಗ್ರಿಯ ಹತ್ತಿರ ಬರುತ್ತದೆ. ತುಕ್ಕು ಹಿಡಿಯದ ಉಕ್ಕಿನಲ್ಲಿ ಅದೇ ನೀಲಿ ಬರಬೇಕಾದರೆ ಇನ್ನೂ ಜಾಸ್ತಿ ಬಿಸಿ ಬೇಕು. ಅಂದರೆ ನಿಮ್ಮ ಚಾಕುವಿನ ತುದಿ ಕಂಡಿರುವ ಬಿಸಿ 300ಕ್ಕಿಂತ ಎಷ್ಟೋ ಮೇಲೆ.

ತುಕ್ಕು ಬಂದಿದ್ದೂ ಅದಕ್ಕೇ. ಕ್ರೋಮಿಯಂ ಉಕ್ಕಿನ ಮೈಯಲ್ಲಿ ಕರಗಿಕೊಂಡಿದ್ದರೆ ಮಾತ್ರ ತುಕ್ಕನ್ನು ತಡೆಯುತ್ತದೆ. ಅಷ್ಟು ಬಿಸಿಯಾದಾಗ ಅದು ಇಂಗಾಲದ ಜೊತೆ ಸೇರಿ ಸಣ್ಣ ಕಾರ್ಬೈಡ್ ಆಗಿ ಹೊರಬೀಳುತ್ತದೆ. ಮೈಯಲ್ಲಿ ಕ್ರೋಮಿಯಂ ಕಡಿಮೆಯಾಗುತ್ತದೆ, ಆ ಜಾಗ ಸುಲಭವಾಗಿ ತುಕ್ಕು ಹಿಡಿಯುತ್ತದೆ.

ಚಾಕು ಹಾಳಾಗಿಲ್ಲ, ಹೆದರಬೇಡಿ. ಸುಟ್ಟಿರುವುದು ಬಾಯಿಯ ಅಂಚು. ಡೈಮಂಡ್ ಪ್ಲೇಟಿನ ಮೇಲೆ ನೀರು ಹಾಕಿಕೊಂಡು ಕೈಯಲ್ಲೇ ನಿಧಾನಕ್ಕೆ ಒಂದು ಮಿಲಿಮೀಟರ್ ಸವೆಸಿ. ಒಳಗಿನ ಒಳ್ಳೆಯ ಉಕ್ಕು ಸಿಗುತ್ತದೆ. 400 ನಂಬರಿನ ತರಿಯದರಲ್ಲಿ ಶುರು ಮಾಡಿ, 1000ದ ನುಣುಪಿನದರಲ್ಲಿ ಮುಗಿಸಿ. ಒತ್ತಬೇಡಿ, ಒತ್ತಿದರೆ ವಜ್ರದ ಪುಡಿಯೇ ಕಿತ್ತು ಬರುತ್ತದೆ.

ಓಹಾಯೋ ಕನ್ನಡಿಗ

ಪೀಣ್ಯದವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹತ್ತು ವರ್ಷದಿಂದ ಚಾಕು ಸಂಗ್ರಹಿಸುತ್ತಿದ್ದೇನೆ. ಈ ಉಕ್ಕಿನ ಕಥೆ ನನಗೆ ತುಂಬಾ ಇಷ್ಟ, ಅದಕ್ಕೇ ಬರೆಯುತ್ತಿದ್ದೇನೆ.

ಮ್ಯಾಗ್ನಾಕಟ್ ಬಂದಿದ್ದು 2021ರಲ್ಲಿ. ಇದನ್ನು ರೂಪಿಸಿದವರು ಲ್ಯಾರಿನ್ ಥಾಮಸ್ ಎಂಬ ಲೋಹ ವಿಜ್ಞಾನಿ. ಅವರ ತಂದೆ ಡೆವಿನ್ ಥಾಮಸ್ ಡಮಾಸ್ಕಸ್ ಉಕ್ಕು, ಅಂದರೆ ಪದರಗಳನ್ನು ಬೆಸೆದು ವಿನ್ಯಾಸ ಮೂಡಿಸುವ ಉಕ್ಕು ಮಾಡುವುದರಲ್ಲಿ ಹೆಸರಾದವರು. ಅಪ್ಪನ ಕುಲುಮೆ ನೋಡುತ್ತ ಬೆಳೆದ ಹುಡುಗ ಮುಂದೆ ಉಕ್ಕಿನಲ್ಲೇ ಡಾಕ್ಟರೇಟ್ ಮಾಡಿದರು.

ಅವರು ಹಿಡಿದ ಸಮಸ್ಯೆ ಹಳೆಯದು. ತುಕ್ಕು ಹಿಡಿಯಬಾರದು ಅಂದರೆ ಕ್ರೋಮಿಯಂ ಬೇಕು. ಹೆಸರಾಂತ ಎಸ್30ವಿ ಉಕ್ಕಿನಲ್ಲಿ ಅದು ಶೇ. 14 ಇದೆ. ಆಸ್ಟ್ರಿಯಾದ ಬೋಲರ್ ಕಂಪನಿಯ ಎಂ390ಯಲ್ಲಿ ಶೇ. 20. ಆದರೆ ಅದರಲ್ಲಿ ಒಂದು ದೊಡ್ಡ ಪಾಲು ಕಾರ್ಬೈಡ್ ಕಾಳುಗಳಲ್ಲಿ ಸಿಕ್ಕಿಕೊಳ್ಳುತ್ತದೆ, ತುಕ್ಕು ತಡೆಯಲು ಬರುವುದಿಲ್ಲ. ಮೇಲಾಗಿ ಕ್ರೋಮಿಯಂ ಕಾಳುಗಳು ದಪ್ಪ. ಬಿರುಕು ಶುರುವಾಗುವುದೇ ಅಂಥ ಕಾಳುಗಳ ಹತ್ತಿರ. ವೆನೇಡಿಯಂ ಕಾಳಿನಷ್ಟು ಗಡಸೂ ಅಲ್ಲ.

ಥಾಮಸ್ ಮಾಡಿದ್ದು ಎಲ್ಲರ ಲೆಕ್ಕಕ್ಕೆ ಉಲ್ಟಾ. ಕ್ರೋಮಿಯಂ ಅನ್ನು ಶೇ. 10.7ಕ್ಕೆ ಇಳಿಸಿದರು. ಇಂಗಾಲ ಶೇ. 1.15, ವೆನೇಡಿಯಂ ಶೇ. 4, ನಯೋಬಿಯಂ ಮತ್ತು ಮಾಲಿಬ್ಡಿನಂ ತಲಾ ಶೇ. 2, ಜೊತೆಗೆ ಒಂದಿಷ್ಟು ನೈಟ್ರೋಜನ್. ಈ ಅಳತೆಯಲ್ಲಿ ಹದ ಹಾಕಿದರೆ ಕ್ರೋಮಿಯಂ ಕಾಳು ಉಳಿಯುವುದೇ ಇಲ್ಲ. ಕ್ರೋಮಿಯಂ ಎಲ್ಲ ಮೈಯಲ್ಲಿ ಕರಗಿರುತ್ತದೆ. ಹಾಗಾಗಿ ಕಡಿಮೆ ಕ್ರೋಮಿಯಂ ಇದ್ದೂ ಎಸ್30ವಿಗಿಂತ ಚೆನ್ನಾಗಿ ತುಕ್ಕು ತಡೆಯುತ್ತದೆ. ಉಳಿದ ಕಾಳುಗಳು ಸಣ್ಣವು, ಬಾಯಿ ಸುಲಭಕ್ಕೆ ಚಕ್ಕೆ ಏಳುವುದಿಲ್ಲ. ಒಂದು ಗುಣ ಬೇಕಾದರೆ ಇನ್ನೊಂದು ಬಿಡಬೇಕು ಅನ್ನುವುದು ಈ ಕ್ಷೇತ್ರದ ನಿಯಮ. ಆ ನಿಯಮವನ್ನು ಇಷ್ಟು ದೂರ ತಳ್ಳಿದ ಉಕ್ಕನ್ನು ನಾನು ಇನ್ನೊಂದು ಬಳಸಿಲ್ಲ.

ಹೊಸಬ ಧಾರವಾಡ

ಸರ್, ನಾನು ಮೆಕ್ಯಾನಿಕಲ್ ಎರಡನೇ ವರ್ಷ. ಕಾಳುಗಳು ಸಣ್ಣ ಇವೆ ಅಂದಿರಿ. ಅಷ್ಟು ಸಣ್ಣ ಹೇಗೆ ಮಾಡುತ್ತಾರೆ?

ಇನ್ನೊಂದು ಪ್ರಶ್ನೆ. ಹಿಂದೆ ನಮ್ಮ ನಾಡಿನಲ್ಲಿ ಮೂಸೆಯಲ್ಲಿ ಮಾಡುತ್ತಿದ್ದ ವೂಟ್ಜ್ ಉಕ್ಕಿನಲ್ಲೂ ವೆನೇಡಿಯಂ ಇತ್ತು ಎಂದು ಓದಿದ್ದೇನೆ. ಹಾಗಾದರೆ ಇದು ನಮ್ಮವರಿಗೆ ಮೊದಲೇ ಗೊತ್ತಿದ್ದ ವಿದ್ಯೆ ಅಲ್ವಾ?

ಓಹಾಯೋ ಕನ್ನಡಿಗ

ಮೊದಲ ಪ್ರಶ್ನೆಗೆ ಉತ್ತರ, ಪುಡಿ. ಮಾಮೂಲಿಯಾಗಿ ಕರಗಿದ ಉಕ್ಕನ್ನು ದೊಡ್ಡ ಅಚ್ಚಿಗೆ ಸುರಿಯುತ್ತಾರೆ. ಅದು ನಿಧಾನಕ್ಕೆ ತಣಿಯುತ್ತದೆ. ಅಷ್ಟು ಹೊತ್ತು ಸಿಕ್ಕರೆ ಕಾರ್ಬೈಡ್ ಬೆಳೆಯುತ್ತಾ ಹೋಗುತ್ತದೆ, ಹರಳು ಸಕ್ಕರೆಯ ಹಾಗೆ. ಹಾಗೆ ಅಚ್ಚಿಗೆ ಸುರಿದು ಮಾಡುವ ಡಿ2 ಉಕ್ಕಿನಲ್ಲಿ ಕಾಳುಗಳು ಹತ್ತಾರು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ ಇರುತ್ತವೆ.

ಪುಡಿಯ ವಿಧಾನದಲ್ಲಿ ಕರಗಿದ ಉಕ್ಕನ್ನು ಸಣ್ಣ ಧಾರೆಯಾಗಿ ಬಿಡುತ್ತಾರೆ. ಅದಕ್ಕೆ ಜೋರಾಗಿ ನೈಟ್ರೋಜನ್ ಗಾಳಿ ಹೊಡೆಯುತ್ತಾರೆ. ಧಾರೆ ಒಡೆದು ಸಣ್ಣ ಹನಿಗಳಾಗುತ್ತದೆ, ಪ್ರತಿ ಹನಿಯೂ ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಬೆಳೆಯಲು ಸಮಯವೇ ಇಲ್ಲದ್ದರಿಂದ ಕಾಳುಗಳು ಕೆಲವೇ ಮೈಕ್ರಾನ್‌ನಲ್ಲಿ ಉಳಿಯುತ್ತವೆ. ಆ ಪುಡಿಯನ್ನು ಉಕ್ಕಿನ ಡಬ್ಬಿಗೆ ತುಂಬಿ, ಗಾಳಿ ತೆಗೆದು, ಬೆಸುಗೆ ಹಾಕಿ, ಕಾಯಿಸುತ್ತಾ ಎಲ್ಲ ಕಡೆಯಿಂದ ಭಾರಿ ಒತ್ತಡ ಕೊಡುತ್ತಾರೆ. ಪುಡಿ ಒಂದೇ ಗಟ್ಟಿಯಾಗುತ್ತದೆ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನ ಕ್ರೂಸಿಬಲ್ ಕಂಪನಿ 1970ರಲ್ಲಿ ಇದನ್ನು ವ್ಯಾಪಾರದ ಮಟ್ಟಕ್ಕೆ ತಂದಿತು. ಮೊದಲು ಇದು ಕಾರ್ಖಾನೆಯ ಕಟಿಂಗ್ ಟೂಲ್‌ಗಳಿಗಾಗಿತ್ತು. ಚಾಕುವಿಗೆಂದೇ ಮಾಡಿದ ಎಸ್30ವಿ ಬಂದಿದ್ದು 2001ರಲ್ಲಿ. ಆ ಕಂಪನಿ 2024ರ ಕೊನೆಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಉಕ್ಕುಗಳು ಈಗ ಎರಾಸ್ಟೀಲ್ ಕಂಪನಿಯ ಕೈಯಲ್ಲಿವೆ. ಸುದ್ದಿ ಓದಿದ ದಿನ ನನಗೆ ನಿಜಕ್ಕೂ ಬೇಸರವಾಯಿತು.

ಎರಡನೆಯದಕ್ಕೆ ಪೀಣ್ಯದವರು ಹೇಳಲಿ.

ಪೀಣ್ಯ ಟೂಲ್‌ರೂಮ್

ತಮ್ಮಾ, ಹೆಮ್ಮೆ ಇರಲಿ, ನನಗೂ ಇದೆ. ಆದರೆ ಸರಿಯಾದ ಕಾರಣಕ್ಕೆ ಇರಲಿ.

ವೂಟ್ಜ್ ಅನ್ನುವ ಪದ ನಮ್ಮ ಉಕ್ಕು ಎಂಬ ಪದದಿಂದಲೇ ಬಂದಿದೆ ಎಂದು ಹೆಚ್ಚಿನವರು ಒಪ್ಪುತ್ತಾರೆ. 1795ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಪಿಯರ್ಸನ್ ಇದರ ಮೇಲೆ ಪ್ರಬಂಧ ಓದಿದರು. ಮೈಕೆಲ್ ಫ್ಯಾರಡೆ ಕೂಡ ಇದರ ಗುಟ್ಟು ಹುಡುಕಲು ಕೆಲವು ವರ್ಷ ಕೆಲಸ ಮಾಡಿದರು. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1800ರಲ್ಲಿ ಮೈಸೂರು ಸೀಮೆ ಸುತ್ತುವಾಗ ಮಾಗಡಿ ಕಡೆ ಉಕ್ಕು ಮಾಡುವುದನ್ನು ನೋಡಿ ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಆವರಿಕೆ ಗಿಡದ ಕಾಂಡ, ಮೇಲೆ ಹಸಿರೆಲೆ ಇಟ್ಟು ಮುಚ್ಚಿ ಕಾಯಿಸುತ್ತಿದ್ದರು. ಸೊಪ್ಪು ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು.

ವೆನೇಡಿಯಂ ವಿಷಯ ಹೇಳಿದವರು ಜಾನ್ ವರ್‌ಹೋವನ್ ಎಂಬ ಪ್ರೊಫೆಸರ್ ಮತ್ತು ಆಲ್ಫ್ರೆಡ್ ಪೆಂಡ್ರೆ ಎಂಬ ಕತ್ತಿ ಕಮ್ಮಾರ. 1998ರಲ್ಲಿ ಅವರು ತೋರಿಸಿದ್ದು ಇದು. ವೂಟ್ಜ್‌ನಿಂದ ಮಾಡಿದ ಹಳೆಯ ಡಮಾಸ್ಕಸ್ ಅಲಗುಗಳಲ್ಲಿ ವೆನೇಡಿಯಂ ಶೇ. 0.03ಕ್ಕಿಂತಲೂ ಕಡಿಮೆ ಇತ್ತು. ಅಷ್ಟು ಚೂರೇ ಕಾಳುಗಳು ಸಾಲುಗಟ್ಟಿ ಅಲೆಯ ವಿನ್ಯಾಸ ಮೂಡಲು ಸಾಕಾಗುತ್ತಿತ್ತು. ಅದು ಅದಿರಿನಿಂದ ತಾನಾಗಿ ಬಂದದ್ದು. ಆ ಕಾಳುಗಳು ಕಬ್ಬಿಣದ ಕಾರ್ಬೈಡ್, ಗಡಸುತನ ಸುಮಾರು 1000. ಮ್ಯಾಗ್ನಾಕಟ್‌ನ ಕಾಳೇ ಬೇರೆ ಜಾತಿ.

ನಮ್ಮ ಹಿರಿಯರಿಗೆ ವೆನೇಡಿಯಂ ಹೆಸರು ಗೊತ್ತಿರಲಿಲ್ಲ. ಯಾವ ಅದಿರು, ಎಷ್ಟು ಕಾವು, ಎಷ್ಟು ಹೊತ್ತು ಅನ್ನುವುದು ಕೈಗೆ ಮತ್ತು ಕಣ್ಣಿಗೆ ಗೊತ್ತಿತ್ತು. ಅಳೆಯುವ ಯಂತ್ರ ಇಲ್ಲದೆ ಅಷ್ಟು ಸಾಧಿಸಿದರಲ್ಲ, ನನಗೆ ಅದೇ ದೊಡ್ಡದು.

ಕುಲುಮೆಮನೆ

ನಮ್ಮದು ಕಮ್ಮಾರ ಮನೆತನ. ಅಜ್ಜನಿಂದ ನಾನು ಮೂರನೆಯವನು. ನಿಮ್ಮ ಮಾತುಗಳನ್ನು ಆಸಕ್ತಿಯಿಂದ ಓದಿದೆ, ಆದರೆ ಒಂದು ಹೇಳಲೇಬೇಕು. ಇಲ್ಲಿ ಎಲ್ಲರೂ ಹರಿತ ಎಷ್ಟು ದಿನ ನಿಲ್ಲುತ್ತದೆ ಎಂದೇ ಮಾತಾಡುತ್ತಿದ್ದೀರಿ. ನನ್ನ ಹತ್ತಿರ ಬರುವ ರೈತ ಅದನ್ನು ಕೇಳುವುದಿಲ್ಲ. ಕತ್ತಿ ಗಂಟಿಗೆ ಬಡಿದರೆ ಮುರಿಯಬಾರದು, ಬಾಯಿ ಮಡಚಿದರೆ ಅಲ್ಲೇ ಕಲ್ಲಿಗೆ ಎರಡು ಎಳೆ ಎಳೆದು ಕೆಲಸ ಮುಂದುವರಿಸಬೇಕು ಅನ್ನುತ್ತಾನೆ. ನಾವು ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಮಾಡುತ್ತೇವೆ. ಅದು ನೂರು ಪೆಟ್ಟು ತಡೆಯುತ್ತದೆ.

ಈ ಪುಡಿ ಉಕ್ಕನ್ನು ನನ್ನ ಕುಲುಮೆಯಲ್ಲಿ ಹದ ಹಾಕಲಾಗುತ್ತದಾ? ಇಲ್ಲ. ಕೆಟ್ಟರೆ ಹಣಿಸಿ ಸರಿ ಮಾಡಲಾಗುತ್ತದಾ? ಅದೂ ಇಲ್ಲ. ಊರಿನಲ್ಲಿ ಯಾರೂ ರಿಪೇರಿ ಮಾಡಲಾಗದ ಹತಾರವನ್ನು ನಾನು ಒಳ್ಳೆಯ ಹತಾರ ಅನ್ನುವುದಿಲ್ಲ. ಯಾರಿಗೂ ಬೇಸರ ಬೇಡ.

ಪೀಣ್ಯ ಟೂಲ್‌ರೂಮ್

ಬೇಸರ ಯಾಕೆ ಅಣ್ಣ, ಕತ್ತಿಯ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಶೇ. 0.5, 0.6ರ ಹತ್ತಿರ ಇರುತ್ತದೆ. ದೊಡ್ಡ ಕಾರ್ಬೈಡ್ ಇಲ್ಲ, ಅದಕ್ಕೇ ಅಷ್ಟು ಪೆಟ್ಟು ತಡೆಯುತ್ತದೆ. ಮರ ಕಡಿಯುವ ಕತ್ತಿಗೆ ಎಸ್90ವಿ ಥರದ ಉಕ್ಕು ಹಾಕಿದರೆ ಬಾಯಿಯೆಲ್ಲ ಚಕ್ಕೆ ಏಳುತ್ತದೆ. ಅದರಲ್ಲಿ ವೆನೇಡಿಯಂ ಶೇ. 9!

ಒಂದೇ ಎಚ್ಚರ. ಹಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತದೆ. ಕಾಯಿಸುವ ಮೊದಲು ಉಜ್ಜಿ ನೋಡಿ.

ಸಣ್ಣ ಚಾಕುವಿಗೆ ಒಂದು ಸಲ ಇಎನ್31 ಪ್ರಯತ್ನಿಸಿ. ಬೇರಿಂಗ್ ಉಕ್ಕು, ಹೊರದೇಶದವರು 52100 ಅನ್ನುವುದು ಇದನ್ನೇ. ಇಂಗಾಲ ಶೇ. 1, ಕ್ರೋಮಿಯಂ ಶೇ. 1.5. ಅಯಸ್ಕಾಂತ ಹಿಡಿಯುವುದು ನಿಂತ ಮೇಲೆ ಇನ್ನೂ ಸ್ವಲ್ಪ ಕಾಯಿಸಿ, 830 ಡಿಗ್ರಿಯ ಹತ್ತಿರ. ನೀರಿಗೆ ಬೇಡ, ಸೀಳುತ್ತದೆ. ಉಗುರುಬೆಚ್ಚಗಿಂತ ಸ್ವಲ್ಪ ಬಿಸಿಯಾದ ಎಣ್ಣೆಗೆ ಅದ್ದಿ. ಆಮೇಲೆ ಮನೆಯ ಬೇಕಿಂಗ್ ಓವನ್‌ನಲ್ಲಿ 190 ಡಿಗ್ರಿಗೆ ಎರಡೆರಡು ಗಂಟೆ, ಎರಡು ಸಲ. ಎಷ್ಟೋ ದುಬಾರಿ ಚಾಕುಗಳ ಪಕ್ಕ ಇಡಬಹುದಾದ ಬಾಯಿ ಬರುತ್ತದೆ.

ಕುಲುಮೆಮನೆ

ಬೇರಿಂಗ್‌ನಲ್ಲಿ ಒಂದು ಸಲ ಮಾಡಿದ್ದೆ, ನೀರಿಗೆ ಹಾಕಿ ಸೀಳಿತ್ತು. ಕಾರಣ ಈಗ ಗೊತ್ತಾಯಿತು. ಎಣ್ಣೆಯಲ್ಲಿ ಮಾಡಿ ನೋಡುತ್ತೇನೆ.

ಅಡುಗೆಮನೆ ಮೈಸೂರು

ನನ್ನದು ಸಣ್ಣ ಪ್ರಶ್ನೆ. ಅಮ್ಮನಿಗೆ ಒಂದು ಒಳ್ಳೆಯ ಅಡುಗೆ ಚಾಕು ಕೊಡಿಸಬೇಕು. ಅವರು ಇಷ್ಟು ವರ್ಷ ಈಳಿಗೆಮಣೆಯಲ್ಲೇ ಹೆಚ್ಚಿದವರು. ಮಂಡಿ ನೋವು, ಕೆಳಗೆ ಕೂರಲಾಗುವುದಿಲ್ಲ. ಜಪಾನಿನದು ತಗೊಳ್ಳಿ ಅಂತ ಒಬ್ಬರು, ಜರ್ಮನಿಯದು ಅಂತ ಇನ್ನೊಬ್ಬರು.

ಹಿಂದೆ ಒಂದು ಆನ್‌ಲೈನ್ ಅಂಗಡಿಯಿಂದ ಡಮಾಸ್ಕಸ್ ಎಂದು ಬರೆದಿದ್ದ ಚಾಕು ತರಿಸಿದ್ದೆ. ಅಲೆ ಅಲೆಯ ವಿನ್ಯಾಸ ಚೆನ್ನಾಗಿತ್ತು. ಪಾತ್ರೆ ತೊಳೆಯುವ ನಾರಿನಿಂದ ತಿಕ್ಕುತ್ತಾ ತಿಕ್ಕುತ್ತಾ ಆ ವಿನ್ಯಾಸ ಅಳಿಸಿಯೇ ಹೋಯಿತು. ಬರೀ ಮೇಲೆ ಮುದ್ರೆ ಒತ್ತಿದ್ದು. ಅಮ್ಮನಿಗೆ ಉಡುಗೊರೆ ಎಂದು ತಂದಿದ್ದು ಅದು. ಅವತ್ತು ತುಂಬಾ ನೋವಾಯಿತು.

ಓಹಾಯೋ ಕನ್ನಡಿಗ

ಮೇಡಂ, ನಿಜವಾದ ಪದರದ ಉಕ್ಕಾದರೆ ವಿನ್ಯಾಸ ಬದಿಯಲ್ಲಿ ಮಾತ್ರವಲ್ಲ, ಅಲಗಿನ ಬೆನ್ನಿನ ಮೇಲೂ ಗೆರೆಯಾಗಿ ಕಾಣುತ್ತದೆ. ಮುಂದಿನ ಸಲ ಅಲ್ಲಿ ನೋಡಿ.

ಜಪಾನಿನ ಶಿರೊಗಾಮಿ, ಅಂದರೆ ಬಿಳಿ ಕಾಗದದ ಉಕ್ಕು, ಅಪ್ಪಟ ಇಂಗಾಲದ ಉಕ್ಕು. ಸುತ್ತಿಡುವ ಕಾಗದದ ಬಣ್ಣದಿಂದ ಆ ಹೆಸರು. ಕ್ಷೌರದ ಕತ್ತಿಯಷ್ಟು ಹರಿತ ಬರುತ್ತದೆ. ಆದರೆ ನಿಂಬೆ, ಮಾವಿನಕಾಯಿ, ಹುಣಸೆ ತಾಗಿದರೆ ನಿಮಿಷದಲ್ಲಿ ಕಪ್ಪು. ಅಮ್ಮನಿಗೆ ಅದು ಬೇಡ. ಜರ್ಮನ್ ಚಾಕುಗಳ ಮಾಮೂಲಿ ಉಕ್ಕಿನಲ್ಲಿ ಇಂಗಾಲ ಶೇ. 0.5, ಕ್ರೋಮಿಯಂ ಶೇ. 15, ರಾಕ್‌ವೆಲ್ 56ರಿಂದ 58. ಮೊಂಡು ಬೇಗ ಆಗುತ್ತದೆ, ಎರಡು ನಿಮಿಷದಲ್ಲಿ ಮತ್ತೆ ಹರಿತ ಆಗುತ್ತದೆ. ಎರಡರ ನಡುವೆ ಬೇಕಾದರೆ ಸ್ವೀಡನ್ನಿನ 14ಸಿ28ಎನ್ ಅಥವಾ ಎಇಬಿ-ಎಲ್ ನೋಡಿ. ಎಇಬಿ-ಎಲ್ ಹುಟ್ಟಿದ್ದೇ ಕ್ಷೌರದ ಬ್ಲೇಡಿಗಾಗಿ. ಇವುಗಳಲ್ಲಿ ಕಾಳುಗಳು ತುಂಬಾ ಸಣ್ಣ, ಸಾದಾ ಕಲ್ಲಿಗೂ ಬಗ್ಗುತ್ತವೆ. ನಮ್ಮ ಮನೆಯಲ್ಲಿ ದಿನಾ ಕೈಗೆ ಬರುವುದು ಎಇಬಿ-ಎಲ್ ಚಾಕುವೇ. ಪೆಟ್ಟಿಗೆಯಲ್ಲಿ ಎಂ390 ಇದ್ದರೂ ಹೀಗೆ.

ಉಕ್ಕಿಗಿಂತ ಮೊದಲು ಬಾಯಿಯ ಹಿಂದಿನ ದಪ್ಪ ನೋಡಿ. ತೆಳು ಇದ್ದರೆ ಈರುಳ್ಳಿ ತಾನೇ ಬಿಚ್ಚಿಕೊಳ್ಳುತ್ತದೆ. ಒಂದೊಂದು ಬದಿಗೆ 15 ಡಿಗ್ರಿಯಲ್ಲಿ ಮಸೆದ ಸಾದಾ ಉಕ್ಕು, 25 ಡಿಗ್ರಿಯಲ್ಲಿ ಮಸೆದ ದುಬಾರಿ ಉಕ್ಕಿಗಿಂತ ಚೆನ್ನಾಗಿ ಹೆಚ್ಚುತ್ತದೆ. ಮತ್ತೆ ದಯವಿಟ್ಟು ಮರದ ಮಣೆ ಕೊಡಿಸಿ. ಗಾಜಿನ ಮಣೆ, ಗ್ರಾನೈಟ್ ಕಟ್ಟೆ, ಸ್ಟೀಲ್ ತಟ್ಟೆ ಯಾವ ಉಕ್ಕಿನ ಬಾಯಿಯನ್ನೂ ಉಳಿಸುವುದಿಲ್ಲ.

ಅಡುಗೆಮನೆ ಮೈಸೂರು

ತುಂಬಾ ಉಪಕಾರವಾಯಿತು. ತೆಂಗಿನಕಾಯಿ ಒಡೆಯುವುದೂ ಅದೇ ಚಾಕುವಿನ ಬೆನ್ನಲ್ಲಿ ಮಾಡಬಹುದಾ?

ಕುಲುಮೆಮನೆ

ಬೇಡ ತಂಗಿ. ಅದಕ್ಕೆ ಒಂದು ಮಚ್ಚು ಇಟ್ಟುಕೊಳ್ಳಿ. ತೆಳು ಅಲಗನ್ನು ಬಡಿಯಲು ಬಳಸಬಾರದು.

ತೋಟದಮನೆ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಡೈಮಂಡ್ ಪ್ಲೇಟ್ ಬಂತು, ಒಂದು ಕಡೆ 400, ಇನ್ನೊಂದು ಕಡೆ 1000. ಸಂಜೆ ಹೊತ್ತು ಜಗಲಿಯಲ್ಲಿ ಕೂತು ಮೂರು ದಿನ ಸವೆಸಿದೆ. ಒಂದು ವ್ಯತ್ಯಾಸ ಕೈಗೇ ಗೊತ್ತಾಯಿತು. ಸುಟ್ಟ ಜಾಗ ಪ್ಲೇಟಿನ ಮೇಲೆ ಮೆತ್ತಗೆ ಜಾರುತ್ತಿತ್ತು, ಉಳಿದ ಕಡೆ ಕರ್ ಅನ್ನುವ ಸದ್ದು. ಮೂರನೇ ದಿನ ತುದಿಯಲ್ಲೂ ಅದೇ ಸದ್ದು ಬಂತು. ಅಲ್ಲಿಗೆ ನಿಲ್ಲಿಸಿ 1000ದ ಕಡೆ ತಿರುಗಿಸಿದೆ. ಹಳೆಯ ಚರ್ಮದ ಬೆಲ್ಟಿನ ಮೇಲೆ ಹತ್ತು ಸಲ ಎಳೆದೆ.

ಈಗ ಪೇಪರನ್ನು ಸದ್ದಿಲ್ಲದೆ ಸೀಳುತ್ತದೆ. ಎರಡು ವಾರ ತೋಟದಲ್ಲಿ ಬಳಸಿದ್ದೇನೆ, ಹರಿತ ನಿಂತಿದೆ. ತುದಿಯ ಬದಿಯಲ್ಲಿ ಸ್ವಲ್ಪ ನೀಲಿ ಉಳಿದಿದೆ, ಅಲ್ಲಿ ಎಣ್ಣೆ ಸವರಿಡುತ್ತೇನೆ. ಎಲ್ಲರಿಗೂ ಮನಸಾರೆ ವಂದನೆ. ಒಂದೇ ಪ್ರಶ್ನೆ ಉಳಿದಿದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನೂ ಇದೇ ಪ್ಲೇಟಿನಲ್ಲಿ ಮಸೆಯಬಹುದಾ ಎಂದು ಅಪ್ಪ ಕೇಳುತ್ತಿದ್ದಾರೆ.

ಪೀಣ್ಯ ಟೂಲ್‌ರೂಮ್

ಮಸೆಯಬಹುದು, ಆದರೆ ಅವರಿಗೆ ಬೇಡ ಅನ್ನಿ. ಮೆಟ್ಟುಗತ್ತಿಯ ಉಕ್ಕು ಮೆದು, ಪುಡಿ ಅಂಟಿಕೊಂಡು ಪ್ಲೇಟಿನ ಸಂದಿ ಕಟ್ಟುತ್ತದೆ. ಅದಕ್ಕೆ ನಿಮ್ಮ ಅಂಗಳದ ಕಲ್ಲೇ ಸರಿ. ಚಾಕು ತಿಕ್ಕಿ ನುಣ್ಣಗಾಗಿದೆ ಅಂದಿರಲ್ಲ, ಸ್ವಲ್ಪ ಮರಳು ಮತ್ತು ನೀರು ಹಾಕಿ ಇನ್ನೊಂದು ಕಲ್ಲಿನಿಂದ ಉಜ್ಜಿ. ಮತ್ತೆ ತರಿ ಬರುತ್ತದೆ.